ತುಂಬಿದ ಕಂಪ್ಯೂಟರ್ ಕೆಟ್ಟ ಕಂಪ್ಯೂಟರ್ ಅಲ್ಲ

ರೈತರ ಮನೆಗೆ ಕಂಪ್ಯೂಟರ್ ಬಂದು ಬಹಳ ವರ್ಷವಾಯಿತು. ಹೆಚ್ಚಿನವು ಹೊಸದಾಗಿ ಕೊಂಡದ್ದಲ್ಲ. ಓದು ಮುಗಿಸಿ ಬೆಂಗಳೂರು ಸೇರಿದ ಮಗನೋ ಮಗಳೋ ಬಿಟ್ಟು ಹೋದದ್ದು, ಇಲ್ಲಾಂದ್ರೆ ಸಂಘದವರು ಸೆಕೆಂಡ್ ಹ್ಯಾಂಡ್ ತಂದದ್ದು. ಏಳೆಂಟು ವರ್ಷ ಆಗುತ್ತಿದ್ದಂತೆ ಅದು ‘ಜಾಗ ಇಲ್ಲ’ ಅಂತ ಹೇಳಲು ಶುರು ಮಾಡುತ್ತದೆ. ಆನ್ ಮಾಡಿ ದನಕ್ಕೆ ಹುಲ್ಲು ಹಾಕಿ ಬಂದರೂ ತೆರೆದಿರುವುದಿಲ್ಲ. ಶಿವಮೊಗ್ಗ ಪೇಟೆಗೋ ಭದ್ರಾವತಿಗೋ ಹೊತ್ತುಕೊಂಡು ಹೋದರೆ ಅಂಗಡಿಯಲ್ಲಿ ಸಿಗುವುದು ಎರಡೇ ಮಾತು. ‘ಫಾರ್ಮ್ಯಾಟ್ ಮಾಡಿಬಿಡೋಣ’, ಇಲ್ಲವೇ ‘ಹಳೇದಾಯ್ತು, ಹೊಸದು ತಗೊಳ್ಳಿ’.

ಈ ಎರಡಕ್ಕೂ ತಲೆಯಾಡಿಸುವ ಮೊದಲು ನಾವೇ ಒಂದು ದಿನ ಕೂತು ಅದರ ಜಾಗ ಬಿಡಿಸಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಏಳನೇ ಕ್ಲಾಸು ಓದಿದ ಖುಷ್ಕಿ ರೈತನಿಗೆ ಇದೆಲ್ಲಾ ಏನು ಗೊತ್ತು ಅಂತ ಕೇಳಬಹುದು. ಕಣಜ ತುಂಬಿತು ಅಂತ ಯಾರಾದರೂ ಕಣಜ ಒಡೆಯುತ್ತಾರಾ? ಹುಳ ಹಿಡಿದದ್ದು ಯಾವುದು, ದನಕ್ಕೆ ಹಾಕುವುದು ಯಾವುದು, ಬಿತ್ತನೆ ಬೀಜ ಯಾವುದು ಅಂತ ಬೇರೆ ಮಾಡುತ್ತೇವೆ. ಈ ಕೆಲಸ ಹೊರಗಿನವರಿಗೆ ಬಿಡುವುದಿಲ್ಲ. ಬೀಜ ಯಾವುದು ಅಂತ ಗೊತ್ತಿರುವುದು ಮನೆಯವರಿಗೆ ಮಾತ್ರ.

ಅಂಗಡಿಯವರಿಗೆ ನಮ್ಮ ಬೀಜ ಗೊತ್ತಿಲ್ಲ. ನಮ್ಮ ಪಕ್ಕದ ಊರಿನ ಒಂದು ಮಹಿಳಾ ಸಂಘದ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಿದ್ದರು. ಕೇಳದೇನೇ ಫಾರ್ಮ್ಯಾಟ್ ಮಾಡಿ ಕೊಟ್ಟರು. ಮಿಷನ್ ಚುರುಕಾಯಿತು, ಆರು ವರ್ಷದ ಉಳಿತಾಯ-ಸಾಲದ ಲೆಕ್ಕ ಹೋಯಿತು. ಹಳೇ ಪಾಸ್ ಪುಸ್ತಕ ಹಿಡಿದು ಮತ್ತೆ ಬರೆಯಲು ಅವರಿಗೆ ಒಂದು ಬೇಸಿಗೆಯೇ ಬೇಕಾಯಿತು.

ಮೊದಲು ಅಳತೆ

ಡಿಸ್ಕಿನ ಮೇಲೆ 500 ಜಿಬಿ ಅಂತ ಬರೆದಿದ್ದರೂ ವಿಂಡೋಸ್ ಒಳಗೆ 465 ಅಂತಲೇ ತೋರಿಸುತ್ತದೆ. ಇದು ತೂಕದ ಮೋಸವಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಸೇರು ಬೇರೆ, ಕಾಳು ಅಷ್ಟೇ.

ಎಲ್ಲಿ ತುಂಬಿದೆ ಅಂತ ನೋಡಲು ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂಬ ಕಡೆ ಹೋಗಬೇಕು. ಯಾವುದು ಎಷ್ಟು ಜಾಗ ಹಿಡಿದಿದೆ ಅಂತ ಅದೇ ಪಟ್ಟಿ ಕೊಡುತ್ತದೆ.

ನಮ್ಮ ಕಡೆ ಕೊಡುವಾಗ ಒಂದೇ ಡಿಸ್ಕನ್ನು ಸಿ ಮತ್ತು ಡಿ ಅಂತ ಎರಡು ಭಾಗ ಮಾಡಿ ಕೊಡುವುದುಂಟು. ನಾವು ಇಡುವುದೆಲ್ಲಾ ತಾನಾಗಿ ಸಿ ಒಳಗೇ ಹೋಗುತ್ತದೆ. ಸಿ ತುಂಬಿ ಕೆಂಪು ಗೆರೆ ಬಂದಿರುತ್ತದೆ, ಡಿ ಖಾಲಿ ಬಿದ್ದಿರುತ್ತದೆ. ಭದ್ರಾ ಚಾನಲ್‌ನ ತಲೆಭಾಗದ ಗದ್ದೆಯಲ್ಲಿ ನೀರು ನಿಂತು, ಕೊನೆಭಾಗದವರು ಮುಗಿಲು ನೋಡುವ ಹಾಗೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂಬ ಫೋಲ್ಡರ್ ಮೇಲೆ ಬಲಗಡೆ ಗುಂಡಿ ಒತ್ತಿ, ಪ್ರಾಪರ್ಟೀಸ್ ಒಳಗೆ ಲೊಕೇಶನ್ ಎಂಬಲ್ಲಿ ಮೂವ್ ಕೊಟ್ಟರೆ ಅವನ್ನು ಡಿಗೆ ಸಾಗಿಸಬಹುದು. ಕಾಸು ಖರ್ಚಿಲ್ಲ. ಎಷ್ಟೋ ಮಿಷನ್‌ಗಳ ಕಾಯಿಲೆ ಇಲ್ಲಿಗೇ ವಾಸಿಯಾಗುತ್ತದೆ.

ಕಸ ಯಾವುದು

ಅಳಿಸಿದ್ದು ಹೋಯಿತು ಅಂತ ತಿಳಿಯಬಾರದು. ಅದು ರಿಸೈಕಲ್ ಬಿನ್ ಎಂಬ ಬುಟ್ಟಿಯಲ್ಲಿ ಕೂತು ಅಷ್ಟೇ ಜಾಗ ತಿನ್ನುತ್ತಿರುತ್ತದೆ. ಒಮ್ಮೆ ಇಣುಕಿ ನೋಡಿ ಬುಟ್ಟಿ ಖಾಲಿ ಮಾಡಬೇಕು.

ಆಮೇಲೆ ಡಿಸ್ಕ್ ಕ್ಲೀನಪ್. ಸಿ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋದರೆ ಸಿಗುತ್ತದೆ. ಹಳೇ ವಿಂಡೋಸ್ 7ರಲ್ಲೂ ಇತ್ತು. ಟೆಂಪರರಿ ಫೈಲ್ ಅಂತ ಇರುವುದನ್ನು ಧೈರ್ಯವಾಗಿ ತೆಗೆಯಬಹುದು. ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತಿದರೆ ಅಪ್‌ಡೇಟ್ ಬಿಟ್ಟು ಹೋದ ಕಸ, ಹಿಂದಿನ ವಿಂಡೋಸ್‌ನ ಹಳೇ ಪ್ರತಿ ಕಾಣುತ್ತವೆ. ಆ ಹಳೇ ಪ್ರತಿ ಒಂದೇ ಹತ್ತು ಜಿಬಿ ಮೀರಿ ಇರುವುದುಂಟು.

ಇಲ್ಲೊಂದು ಎಚ್ಚರ. ತೆಗೆಯುವ ಪಟ್ಟಿಯಲ್ಲಿ ಕೆಲವು ಮಿಷನ್‌ಗಳಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಬರುವುದುಂಟು. ನೋಡದೆ ಗುರುತು ಹಾಕಬೇಡಿ. ನಮ್ಮ ಪಹಣಿ, ಮ್ಯುಟೇಶನ್ ಪ್ರತಿ, ಬೆಳೆವಿಮೆ ರಸೀದಿ, ಕೃಷಿ ವಿಶ್ವವಿದ್ಯಾಲಯದ ಪುಸ್ತಿಕೆ ಎಲ್ಲಾ ಇಳಿಯುವುದು ಅದೇ ಫೋಲ್ಡರಿಗೆ. ಅಲ್ಲಿ ಒಂದೇ ಪಹಣಿ ಐದು ಸಲ ಇಳಿದಿರುತ್ತದೆ. ನಾಲ್ಕು ತೆಗೆಯಿರಿ, ಒಂದು ಉಳಿಸಿ. ವಿಂಡೋಸ್ ಎಂಬ ಹೆಸರಿನ ಫೋಲ್ಡರಿಗೆ ಮಾತ್ರ ಕೈ ಹಾಕಬೇಡಿ. ‘ಉಚಿತವಾಗಿ ಚುರುಕು ಮಾಡುತ್ತೇವೆ’ ಎಂದು ಜಾಹೀರಾತು ಕೊಡುವ ಪ್ರೋಗ್ರಾಂಗಳ ಸಹವಾಸವೂ ಬೇಡ.

ಬೀಜ ಯಾವುದು

ಜಾಗ ತಿನ್ನುವುದು ಅಕ್ಷರ ಅಲ್ಲ, ಫೋಟೊ ಮತ್ತು ವಿಡಿಯೊ. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಒಂದು ಪುಟದ ಪತ್ರ ಅಂದರೆ ಐದಾರು ಸಾವಿರ ಬೈಟ್. ಫೋನಿನಲ್ಲಿ ತೆಗೆದ ಒಂದು ಫೋಟೊ 30 ಲಕ್ಷ ಬೈಟ್ ದಾಟುತ್ತದೆ. ಒಂದು ಫೋಟೊದ ಜಾಗದಲ್ಲಿ ಐನೂರು ಪುಟ ಬರಹ ಹಿಡಿಯುತ್ತದೆ. ಆದ್ದರಿಂದ ಜಾಗಕ್ಕಾಗಿ ಅಂತ ಲೆಕ್ಕ, ಪತ್ರ ಅಳಿಸುವುದು ದಂಡ. ವಾಟ್ಸಾಪ್‌ನಲ್ಲಿ ಬಂದ ಶುಭೋದಯದ ಚಿತ್ರ, ಮದುವೆಯ ವಿಡಿಯೊ ಮೊದಲು ಹೊರಗೆ ಹೋಗಲಿ.

ಪಹಣಿ ಅಳಿದರೂ ಚಿಂತೆಯಿಲ್ಲ. ‘ಭೂಮಿ’ ಯೋಜನೆ ಬಂದ ಮೇಲೆ ಅದು ಸರ್ಕಾರದ ಕಂಪ್ಯೂಟರಿನಲ್ಲಿದೆ, ಎಷ್ಟು ಸಲ ಬೇಕಾದರೂ ತೆಗೆಯಬಹುದು. ಆದರೆ ರೋಹಿಣಿ ಮಳೆ ಯಾವ ವರ್ಷ ಯಾವ ದಿನ ಬಂತು, ಯಾವ ಹೊಲಕ್ಕೆ ಯಾವ ರಾಗಿ ಹಾಕಿದೆ, 2023ರ ಬರದಲ್ಲಿ ಮೆಕ್ಕೆಜೋಳ ಹೇಗೆ ಒಣಗಿ ನಿಂತಿತ್ತು ಎಂಬ ಫೋಟೊ, ಇವು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಖುಷ್ಕಿ ರೈತನಿಗೆ ಇದೇ ಬಿತ್ತನೆ ಬೀಜ.

ಇನ್ನೊಂದು ಮಾತು. ಹಳೇ ಪತ್ರ, ಸಂಘದ ನಡಾವಳಿ ಹೆಚ್ಚಾಗಿ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ‘ಇದನ್ನು ಯಾರೂ ಬಳಸುತ್ತಿಲ್ಲ’ ಅಂತ ಅದರ ಫಾಂಟ್ ಕಿತ್ತು ಹಾಕಿದರೆ ಫೈಲ್ ಇದ್ದರೂ ಓದಲು ಬರುವುದಿಲ್ಲ, ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣುತ್ತದೆ. ಆ ಪತ್ರಗಳನ್ನು ಯೂನಿಕೋಡಿಗೆ ಬದಲಾಯಿಸುವ ತನಕ ಅದು ಇರಲಿ.

ಬೀಜ ಒಂದೇ ಮಡಕೆಯಲ್ಲಿ ಇಡಬಾರದು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಮಗ್ಗುಲು, ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಬೇಕಾದ್ದನ್ನು ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿಡಿ. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ನಕಲು ಮಾಡಿದ್ದನ್ನು ತೆರೆದು ನೋಡಿದ ಮೇಲೆಯೇ ಮೂಲ ಅಳಿಸಬೇಕು. ತೀರಾ ಮುಖ್ಯವಾದ ಲೆಕ್ಕವನ್ನು ಕಾಗದಕ್ಕೂ ಇಳಿಸಿ. 1936ರಲ್ಲಿ ಸ್ಥಾಪನೆಯಾದ ಎಂಪಿಎಂನಿಂದಾಗಿ ಭದ್ರಾವತಿ ಕಾಗದದ ಊರು ಅನಿಸಿಕೊಂಡಿತ್ತು. ಕರೆಂಟ್ ಇಲ್ಲದಾಗಲೂ ಓದಲು ಬರುವುದು ಕಾಗದವೇ.

ಹೊಸದು ಬೇಡವೇ ಬೇಡ ಅನ್ನುತ್ತಿಲ್ಲ

ಎದುರು ವಾದವೂ ಇದೆ. ವಿಂಡೋಸ್ 10ಕ್ಕೆ ಕಂಪನಿಯವರು ಎಲ್ಲರಿಗೂ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ರಕ್ಷಣೆಯ ಅಪ್‌ಡೇಟ್ ಸಿಗದ ಮಿಷನ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡಬಾರದು ಎಂಬ ಮಾತು ಸರಿ. ಹಣದ ಕೆಲಸ ಅದರಲ್ಲಿ ಬೇಡ. ಲೆಕ್ಕ ಬರೆಯಲು, ಪತ್ರ ಟೈಪ್ ಮಾಡಲು, ಫೋಟೊ ಇಡಲು ಅದು ಸಾಕು. ಜಾಗ ಬಿಡಿಸಿದ ಮೇಲೂ ನಿಧಾನವಾದರೆ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಬಹುದು. ಹೊಸ ಕಂಪ್ಯೂಟರಿಗಿಂತ ಬಹಳ ಕಡಿಮೆ ಖರ್ಚು.

ನಿಜವಾಗಿ ಕೆಟ್ಟು ಗುಜರಿಗೆ ಹಾಕುವ ದಿನ ಬಂದರೂ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ. ಭದ್ರಾವತಿಯವರಿಗೆ ಗುಜರಿ ಕಬ್ಬಿಣ ಗೊತ್ತು. ಕುಲುಮೆಗೆ ಹೋದರೆ ಹಳೇ ರೂಪ ಮರೆತು ಹೊಸ ಕಬ್ಬಿಣವಾಗುತ್ತದೆ. ಹಾರ್ಡ್ ಡಿಸ್ಕ್ ಹಾಗೆ ಮರೆಯುವುದಿಲ್ಲ. ಅಳಿಸಿದ ಫೈಲನ್ನೂ ತಿಳಿದವರು ಎಷ್ಟೋ ಸಲ ಎತ್ತಬಲ್ಲರು. ನಮ್ಮ ಆಧಾರ್, ಪಾಸ್ ಪುಸ್ತಕದ ಪ್ರತಿ ಯಾರದೋ ಕೈಗೆ ಹೋಗುವುದು ಬೇಡ.

ರಿಪೇರಿಗೆ ಕೊಡುವಾಗ ‘ನನ್ನನ್ನು ಕೇಳದೆ ಏನೂ ಅಳಿಸಬಾರದು’ ಅಂತ ಚೀಟಿಯಲ್ಲಿ ಬರೆಸಿ. ಸುಗ್ಗಿ ಮುಗಿದು ಕಣ ಖಾಲಿಯಾದಾಗ ವರ್ಷಕ್ಕೊಂದು ದಿನ ಇದಕ್ಕೆ ಕೊಡಿ. ಮಕ್ಕಳು ರಜೆಗೆ ಬಂದಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗುಂಡಿ ಅವರು ಒತ್ತಲಿ, ಯಾವುದು ಇರಬೇಕು ಯಾವುದು ಹೋಗಬೇಕು ಅಂತ ನೀವು ಹೇಳಿ. ಬೇರೆ ರೈತರು ಇದಕ್ಕಿಂತ ಸುಲಭದ ದಾರಿ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಲಿ, ಎಲ್ಲರಿಗೂ ಉಪಕಾರವಾಗುತ್ತದೆ.