ಎಲೆಯೊಳಗೂ ಕಾವಲುಗಾರರಿದ್ದಾರೆ

ಎಲೆ ಮೇಲೆ ಚುಕ್ಕೆ ಕಂಡರೆ ಸಾಕು, ಔಷಧಿ ಪಂಪು ಬೆನ್ನಿಗೇರಿಸುವವರು ನಾವು. ಶಿಲೀಂಧ್ರ ಎಂದರೆ ರೋಗ, ಅಷ್ಟೇ ನಮ್ಮ ಲೆಕ್ಕ. ಪನಾಮಾ ದೇಶದ ಮಳೆಕಾಡಿನಲ್ಲಿ ಎಲಿಜಬೆತ್ ಆರ್ನಲ್ಡ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಬೇರೆಯೇ ಲೆಕ್ಕ ತೆಗೆದರು. ಎರಡು ಜಾತಿ ಮರಗಳ 83 ಆರೋಗ್ಯವಂತ ಎಲೆಗಳೊಳಗೆ ನೂರಾರು ಬಗೆಯ ಶಿಲೀಂಧ್ರ ಸಿಕ್ಕಿದ್ದನ್ನು ಅವರ ತಂಡ 2000ರಲ್ಲಿ ಪ್ರಕಟಿಸಿತು. 2003ರ ವರದಿ ನಮಗೆ ಇನ್ನೂ ಮುಖ್ಯ. ಇಂಥ ಶಿಲೀಂಧ್ರ ಸೇರಿಸಿದ ಕೋಕೋ ಎಲೆಗಳಿಗೆ ಫೈಟಾಫ್ತೊರ ರೋಗದ ಹಾನಿ ಕಡಿಮೆಯಾಗಿತ್ತು.

ಔಷಧಿಯೇ ಬೇಡ ಅನ್ನೋದಿಲ್ಲ. ಆದರೆ ಕಳ್ಳ ಯಾರು, ಕಾವಲುಗಾರ ಯಾರು ಅಂತ ಅದಕ್ಕೆ ಗೊತ್ತಾಗೋದಿಲ್ಲ. ರೋಗ ಯಾವುದೆಂದು ಖಾತ್ರಿಯಾಗದೆ, ಅಂಗಡಿಯವರು ಹೇಳಿದರೆಂದು ಹೊಡೆಯಬಾರದು. ನಮ್ಮ ರಾಗಿ, ತೊಗರಿ ಎಲೆಯೊಳಗೆ ಯಾರ್‍ಯಾರಿದ್ದಾರೆ? ಕೃಷಿ ವಿದ್ಯಾರ್ಥಿಗಳು ಹೊಲಕ್ಕೇ ಬಂದು ನೋಡಿ ಹೇಳಲಿ. ಎಲೆ ನಾವು ಕೊಡ್ತೇವೆ.