ಸುಳ್ಳು ಹೇಳಿ ಕೊಟ್ಟ ಮನೆಯಲ್ಲೂ ಹನ್ನೊಂದು ತಿಂಗಳು ಇರಲೇಬೇಕೇ?

“ಅಗ್ರಿಮೆಂಟ್ ಮುಗಿಯುವ ಮೊದಲೇ ಮನೆ ಬಿಟ್ಟರೆ ಅಡ್ವಾನ್ಸ್ ಹೋಯಿತು” ಎಂಬ ಮಾತನ್ನು ರಾಮನಗರ, ಚನ್ನಪಟ್ಟಣದ ಕಡೆ ಬಾಡಿಗೆ ಮನೆ ಹುಡುಕುವವರು ಕೇಳಿರುತ್ತಾರೆ. ಇದು ಪೂರ್ತಿ ನಿಜವಲ್ಲ.

2022ರ ಆಗಸ್ಟ್ ಮಳೆಗೆ ರಾಮನಗರದ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಮನೆಯನ್ನು, ಗೊತ್ತಿದ್ದೂ “ಇಲ್ಲಿಗೆ ನೀರೇ ಬರಲ್ಲ” ಎಂದು ಹೇಳಿ ಬಾಡಿಗೆಗೆ ಕೊಟ್ಟರೆ ಅದು 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಂತೆ ವಂಚನೆ. ಆ ಮಾತು ನಂಬಿ ಸಹಿ ಹಾಕಿದವರು 19ನೇ ಕಲಮಿನಡಿ ಕರಾರನ್ನೇ ರದ್ದು ಮಾಡಬಹುದು. ಆದರೆ ಮಾಲೀಕರು ಬರೀ ಸುಮ್ಮನಿದ್ದರು, ಗೋಡೆಯ ಮೇಲೆ ನೀರಿನ ಗುರುತು ಎದ್ದು ಕಾಣುತ್ತಿತ್ತು ಎಂದಾದರೆ ವಾದ ನಿಲ್ಲುವುದು ಕಷ್ಟ. (ಹೊಸದಾಗಿ ಬಣ್ಣ ಬಳಿದು ಮುಚ್ಚಿದ್ದರೆ ಕಥೆಯೇ ಬೇರೆ!)

ವಿಷಯ ತಿಳಿದ ಮೇಲೂ ತಿಂಗಳುಗಟ್ಟಲೆ ಬಾಡಿಗೆ ಕಟ್ಟುತ್ತಾ ಕೂತರೆ ಒಪ್ಪಿಕೊಂಡಂತೆಯೇ. ಹಾಗಾಗಿ ಫೋಟೊ, ವಾಟ್ಸಾಪ್ ಮೆಸೇಜು ಉಳಿಸಿಕೊಂಡು ಕೂಡಲೇ ಬರಹದಲ್ಲಿ ನೋಟಿಸ್ ಕೊಡಿ. ಇದ್ದಷ್ಟು ದಿನದ ಬಾಡಿಗೆಯನ್ನು ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು. ಉಳಿದದ್ದನ್ನು ನೀವು ಕೇಳಬಹುದು.