ಗಾಲ್ಫ್ ಗಾಡಿ, ಹುಲ್ಲು ಮತ್ತು ಅಪ್ಪನ ಬೈಗುಳ

ಈ ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಕೆಲಸ ಜಾಸ್ತಿ ಅಂತ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :-) ಇವತ್ತು ಬರೆಯಲೇಬೇಕು ಅನ್ನಿಸಿದ್ದು ಅಪ್ಪ ಬೈದಿದ್ದರಿಂದ. ಅವರು ಬೈದಿದ್ದು ಸರಿ ಅಂತ ಒಪ್ಪಿಕೊಳ್ಳೋಕೆ ನನಗೆ ಪೂರ್ತಿ ಒಂದು ವಾರ ಬೇಕಾಯ್ತು.

ವಿಷಯ ಗಾಲ್ಫ್ ಗಾಡಿಯದ್ದು. "ಇವನ್ಯಾವಾಗ ಗಾಲ್ಫ್ ಆಡೋವಷ್ಟು ದೊಡ್ಡ ಮನುಷ್ಯ ಆದ?" ಅಂತ ಹುಬ್ಬೇರಿಸಬೇಡಿ. ಬೆಂಗಳೂರಲ್ಲಿದ್ದಷ್ಟು ದಿನ, 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಬೇಲಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ನನ್ನ ಗಾಲ್ಫ್ ಅನುಭವ. ಈಗ ನಾನಿರೋ ಅಮೆರಿಕದ ಜಾರ್ಜಿಯಾದಲ್ಲಿ ಕಥೆ ಬೇರೆ. ಇಲ್ಲಿ ಎಷ್ಟೋ ಬಡಾವಣೆಗಳನ್ನು ಗಾಲ್ಫ್ ಮೈದಾನದ ಸುತ್ತಲೇ ಕಟ್ಟಿರ್ತಾರೆ. ನಮ್ಮಲ್ಲಿ ಬಡಾವಣೆಗೊಂದು ಪಾರ್ಕ್ ಇದ್ದ ಹಾಗೆ. ಅಟ್ಲಾಂಟಾದ ದಕ್ಷಿಣಕ್ಕಿರೋ ಪೀಚ್‌ಟ್ರೀ ಸಿಟಿ ಅನ್ನೋ ಊರಲ್ಲಂತೂ ಗಾಲ್ಫ್ ಗಾಡಿ, ಸೈಕಲ್ಲು, ನಡೆಯೋರು ಎಲ್ಲ ಸೇರಿ ಬಳಸೋ ಕಾಲುದಾರಿಗಳೇ ಸುಮಾರು 160 ಕಿಲೋಮೀಟರ್ ಇವೆ. ಜನ ಗಾಲ್ಫ್ ಗಾಡಿಯಲ್ಲೇ ತರಕಾರಿ ತರ್ತಾರೆ. ಹೈಸ್ಕೂಲ್ ಹುಡುಗರು ಅದರಲ್ಲೇ ಸ್ಕೂಲಿಗೆ ಹೋಗ್ತಾರೆ. ಹಾಗಾಗಿ ಆಫೀಸಿನವರ ಜೊತೆ ನಾನೂ ಒಂದು ವರ್ಷದಿಂದ ಕೋಲು ಬೀಸೋದು ಕಲೀತಾ ಇದೀನಿ. ಚೆಂಡಿಗಿಂತ ಮಣ್ಣು ಜಾಸ್ತಿ ದೂರ ಹೋಗುತ್ತೆ, ಅದು ಬೇರೆ ಮಾತು.

ಅಪ್ಪ ಅಮ್ಮ ಹೋದ ತಿಂಗಳು ಹಾಸನದಿಂದ ಬಂದರು. ಅಪ್ಪ ಕೆಎಸ್ಸಾರ್ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ನಿವೃತ್ತರಾಗಿ ಸ್ವಲ್ಪ ವರ್ಷ ಆಗಿದೆ. ಎರಡು ವಾರದ ಹಿಂದೆ ಇಂಥದ್ದೇ ಒಂದು ಬಡಾವಣೆಯಲ್ಲಿರೋ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ವಿ. ಸಂಜೆ ಅವನ ಗಾಡಿಯಲ್ಲಿ ಅಪ್ಪನಿಗೆ ಮೈದಾನ ತೋರಿಸೋಣ ಅಂತ ಹೊರಟೆ. ಗೆಳೆಯನ ಒಂಬತ್ತು ವರ್ಷದ ಮಗನೂ ಬಂದ. "ಮಾಮ, ನಾನು ಓಡಿಸ್ತೀನಿ" ಅಂದ. ನಾನು ದೊಡ್ಡ ಉದಾರಿ ಥರ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಕೈಗೆ ಕೊಟ್ಟೆ. ಇಳಿಜಾರು, ಮುಂದೆ ಎಡಕ್ಕೆ ತಿರುವು. ಹುಡುಗ ಪೂರ್ತಿ ಎಡಕ್ಕೆ ಎಳೆದ. ನನ್ನ ಬಲಕ್ಕೆ ಕೂತಿದ್ದ ಅಪ್ಪ ಅರ್ಧ ಗಾಡಿಯಿಂದ ಆಚೆ! ಚಾವಣಿಯ ಕಂಬಿ ಕೈಗೆ ಸಿಕ್ಕಿದ್ದರಿಂದ ಬಚಾವು. ಮೊಣಕೈ ತರಚಿತು, ಒಂದು ಚಪ್ಪಲಿ ಹುಲ್ಲಿನ ಮೇಲೆ ಬಿತ್ತು. ಹುಡುಗ ನಕ್ಕ, ನಾನೂ ನಕ್ಕೆ. ಅಪ್ಪ ನಗಲಿಲ್ಲ.

ಇಳಿದು, ಕುಂಟುತ್ತಾ ಹೋಗಿ ಚಪ್ಪಲಿ ಹಾಕ್ಕೊಂಡು ಬಂದು ಹೇಳಿದ್ದು ಇಷ್ಟೇ: "ಗಾಡಿ ಚಿಕ್ಕದಾದ್ರೆ ಏನೋ, ಸ್ಟೇರಿಂಗು ಸ್ಟೇರಿಂಗೇ. ಅಷ್ಟು ವರ್ಷ ಬಸ್ಸು ಓಡಿಸಿದೀನಿ, ಒಬ್ಬರನ್ನೂ ಕೆಳಗೆ ಬೀಳಿಸಿಲ್ಲ. ನೀನು ಓದಿದೋನು."

"ನೀನು ಓದಿದೋನು" ಅನ್ನೋದು ನಮ್ಮಪ್ಪನ ಬಾಯಲ್ಲಿ ಬರೋ ಅತಿ ಕೆಟ್ಟ ಬೈಗುಳ. ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಗೆ ಬಂದು ಆ ಗಾಡಿ ಬಗ್ಗೆ ಓದೋಕೆ ಕೂತೆ.

*

ಮೊದಲು ಗಾಡಿಯದ್ದೇ ನೋಡಿ. ಬಾಗಿಲಿಲ್ಲ, ಸಾಮಾನ್ಯವಾಗಿ ಬೆಲ್ಟೂ ಇಲ್ಲ. ಹೆಚ್ಚಿನ ಗಾಲ್ಫ್ ಗಾಡಿಗಳಲ್ಲಿ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಾಗಾಗಿ ಇಳಿಜಾರಲ್ಲಿ ಜೋರಾಗಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತೆ. ಎಡಕ್ಕೆ ತಿರುಗಿದಾಗ ಕೂತವರ ಮೈ ನೇರಕ್ಕೆ, ಅಂದ್ರೆ ಗಾಡಿಯ ಬಲಕ್ಕೆ ಹೋಗೋಕೆ ನೋಡುತ್ತೆ. ಓಡಿಸೋನಿಗೆ ಹಿಡಿಯೋಕೆ ಸ್ಟೇರಿಂಗ್ ಇದೆ. ಪಕ್ಕದವನಿಗೆ ಸೊಂಟದ ಹತ್ತಿರ ಗೇಣುದ್ದದ ಒಂದು ಕಂಬಿ ಬಿಟ್ಟರೆ ಏನಿಲ್ಲ. ಅಪ್ಪನಿಗೆ ಆಗಿದ್ದು ಇದೇ. ಗಂಟೆಗೆ 24 ಕಿಲೋಮೀಟರ್ ಏನು ಮಹಾ ಅಂತ ನಾನೂ ಅಂದ್ಕೊಂಡಿದ್ದೆ. ಎಂಜಿನಿಯರಿಂಗ್ ಓದಿದ್ದಕ್ಕೆ ಒಮ್ಮೆಯಾದ್ರೂ ಉಪಯೋಗ ಆಗಲಿ ಅಂತ ಲೆಕ್ಕ ಹಾಕಿದೆ. ಏಳು ಅಡಿ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗ ಇರೋ ವೇಗ ಹೆಚ್ಚುಕಡಿಮೆ ಅದೇ.

ಅಮೆರಿಕದಲ್ಲಿ 1998ರಿಂದ ಒಂದು ನಿಯಮ ಇದೆ. ಗಂಟೆಗೆ 20ರಿಂದ 25 ಮೈಲಿ ಓಡೋ ಚಿಕ್ಕ ಗಾಡಿಗಳಿಗೆ ಸೀಟ್ ಬೆಲ್ಟು, ದೀಪ, ಕನ್ನಡಿ ಎಲ್ಲ ಕಡ್ಡಾಯ. ಅದಕ್ಕಿಂತ ನಿಧಾನಕ್ಕೆ ಓಡೋ ಮಾಮೂಲಿ ಗಾಲ್ಫ್ ಗಾಡಿ ಆ ನಿಯಮದ ಒಳಗೆ ಬರಲ್ಲ. ಅಂದ್ರೆ ಅದರಲ್ಲಿ ಕೂತವರಿಗೆ ಓಡಿಸೋನ ಬುದ್ಧಿಯೇ ಬೆಲ್ಟು. ಫ್ಲಾರಿಡಾದಲ್ಲಿ 14 ವರ್ಷ ತುಂಬಿದವರು ರಸ್ತೆಯಲ್ಲಿ ಗಾಲ್ಫ್ ಗಾಡಿ ಓಡಿಸಬಹುದಿತ್ತು. 2023ರ ಅಕ್ಟೋಬರ್ 1ರಿಂದ ಅದು ಬದಲಾಗಿ, 18ರೊಳಗಿನವರಿಗೆ ಕಡೇಪಕ್ಷ ನಮ್ಮ ಎಲ್‌ಎಲ್‌ಆರ್ ಥರದ ಪರ್ಮಿಟ್ ಬೇಕು ಅಂತಾಯ್ತು. ಗಾಲ್ಫ್ ಗಾಡಿಗಳೇ ತುಂಬಿರೋ ರಾಜ್ಯಕ್ಕೇ ಹಾಗನ್ನಿಸಿದೆ. ನಾನು ಒಂಬತ್ತು ವರ್ಷದವನ ಕೈಗೆ ಕೊಟ್ಟಿದ್ದೆ!

*

ಇದು ಜೀವದ ವಿಷಯ, ಯಾರೂ ಬೇಡ ಅನ್ನಲ್ಲ. ಆದ್ರೆ ಮೈದಾನದೊಳಗೆ ಇನ್ನೂ ಹತ್ತಾರು ನಿಯಮಗಳಿವೆ. ಅವನ್ನು ನಾವು, ಅದರಲ್ಲೂ ನನ್ನ ಹಾಗೆ ಹೊಸದಾಗಿ ಬಂದ ದೇಸಿಗಳು, "ದುಡ್ಡಿದ್ದೋರ ಶೋಕಿ" ಅಂತ ತಳ್ಳಿಹಾಕ್ತೀವಿ. ಒಂದೊಂದೇ ಬಿಡಿಸಿ ನೋಡಿದರೆ ಬಹಳಷ್ಟರ ಹಿಂದೆ ಗಟ್ಟಿ ಕಾರಣ ಇದೆ.

ತೊಂಬತ್ತು ಡಿಗ್ರಿ ನಿಯಮ ಅಂತ ಒಂದಿದೆ. ನಿಮ್ಮ ಚೆಂಡು ಎಲ್ಲಿದೆಯೋ ಅದರ ನೇರಕ್ಕೆ ಬರೋವರೆಗೂ ಗಾಡಿ ಸಿಮೆಂಟ್ ದಾರಿಯಲ್ಲೇ ಇರಬೇಕು. ಅಲ್ಲಿಂದ ಲಂಬಕೋನದಲ್ಲಿ ಹುಲ್ಲಿಗೆ ತಿರುಗಿ, ಚೆಂಡು ಹೊಡೆದು, ಹಾಗೇ ವಾಪಸ್ ದಾರಿಗೆ ಬರಬೇಕು. ಮೊದಲ ಸಲ ಕೇಳಿದಾಗ ನಗು ಬಂತು. ಓರೆಯಾಗಿ ಹೋದರೆ ದೂರ ಕಡಿಮೆ ಅಂತ ಪೈಥಾಗೊರಸ್ ಹೇಳಿಲ್ವಾ? ಹೇಳಿದಾನೆ. ಆದ್ರೆ ಓರೆ ದಾರಿಯಷ್ಟೂ ಹುಲ್ಲಿನ ಮೇಲೆ. ಲಂಬ ದಾರಿಯಲ್ಲಿ ಹುಲ್ಲಿನ ಮೇಲಿನ ಭಾಗ ಚಿಕ್ಕದು. ಇಲ್ಲಿ ಉಳಿಸಬೇಕಾಗಿರೋದು ನಮ್ಮ ಸಮಯ ಅಲ್ಲ, ಹುಲ್ಲು.

ಮಳೆ ಬಂದ ಮಾರನೇ ದಿನ "ಗಾಡಿ ದಾರಿಯಲ್ಲೇ ಇರಲಿ" ಅಂತ ಬೋರ್ಡ್ ಹಾಕ್ತಾರೆ. ಒದ್ದೆ ಮಣ್ಣಿನ ಮೇಲೆ ಭಾರದ ಗಾಡಿ ಓಡಿದರೆ ಮಣ್ಣು ಒತ್ತಿ ಗಟ್ಟಿಯಾಗುತ್ತೆ. ಕಣಗಳ ನಡುವಿನ ಗಾಳಿ ಹೋದ್ರೆ ಬೇರಿಗೆ ಉಸಿರಿಲ್ಲ, ನೀರೂ ಇಂಗಲ್ಲ. ಹದ ಬರದೆ ಗದ್ದೆಗೆ ಎತ್ತು ಇಳಿಸಬಾರದು ಅಂತ ನಮ್ಮಜ್ಜ ಹೇಳ್ತಿದ್ದಿದ್ದು ಇದೇ ತಾನೇ? ಚಳಿಗಾಲದ ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿದ್ದರೆ ಅದು ಕರಗೋವರೆಗೂ ಯಾರನ್ನೂ ಒಳಗೆ ಬಿಡಲ್ಲ. ಹೆಪ್ಪುಗಟ್ಟಿದ ಎಲೆ ಮೇಲೆ ಕಾಲೋ ಚಕ್ರವೋ ಬಿದ್ದರೆ ಒಳಗಿನ ಜೀವಕೋಶಗಳೇ ಒಡೆದುಹೋಗ್ತವೆ. ಆಮೇಲೆ ಅಷ್ಟುದ್ದ ಕಂದು ಬಣ್ಣದ ಗುರುತು. ಇನ್ನು ಗ್ರೀನ್ ಅನ್ನೋದು ಚೆಂಡು ಬೀಳಿಸೋ ಕುಳಿಯಿರೋ ಜಾಗ. ಅಲ್ಲಿ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿರ್ತಾರೆ. ಅದರಿಂದ ಗಾಡಿ ಸುಮಾರು 30 ಅಡಿ ದೂರ ನಿಲ್ಲಬೇಕು ಅನ್ನೋದು ಎಷ್ಟೋ ಕಡೆ ಇರೋ ನಿಯಮ.

ಎರಡನೇದು, ಹಿಂದೆ ಬರೋರು. ಗಾಡಿಯನ್ನು ಗ್ರೀನ್ ಮುಂದೆ ನಿಲ್ಲಿಸಬಾರದು. ಮುಂದಿನ ಆಟ ಶುರುವಾಗೋ ಕಡೆಗೆ, ಪಕ್ಕಕ್ಕೋ ಹಿಂದಕ್ಕೋ ನಿಲ್ಲಿಸಬೇಕು. ಆಟ ಮುಗಿಸಿ ಮುಂದೆ ನಿಲ್ಲಿಸಿದ ಗಾಡಿ ಹತ್ತೋಕೆ ವಾಪಸ್ ನಡೆದರೆ, ಅಷ್ಟು ಹೊತ್ತೂ ಹಿಂದಿನ ನಾಲ್ಕು ಜನ ಕೋಲು ಹಿಡ್ಕೊಂಡು ಕಾಯಬೇಕು. ಅಂಕ ಬರೆಯೋದನ್ನೂ ಗಾಡಿ ಹೊರಡಿಸಿ ಮುಂದಿನ ಜಾಗಕ್ಕೆ ಹೋದ ಮೇಲೆ ಬರೀರಿ. ಒಂದು ಗಾಡಿಯಲ್ಲಿ ಇಬ್ಬರಿದ್ದರೆ, ಒಬ್ಬನನ್ನು ಎರಡು ಮೂರು ಕೋಲುಗಳ ಸಮೇತ ಅವನ ಚೆಂಡಿನ ಹತ್ತಿರ ಇಳಿಸಿ ಇನ್ನೊಬ್ಬ ತನ್ನ ಚೆಂಡಿನ ಕಡೆ ಹೋಗಬೇಕು. ನಾವೇನು ಮಾಡ್ತೀವಿ? ಜೋಡೆತ್ತಿನ ಥರ ಇಬ್ಬರೂ ಮೊದಲು ಅವನ ಚೆಂಡು, ಆಮೇಲೆ ನನ್ನ ಚೆಂಡು! ಕಳೆದ ಚೆಂಡು ಹುಡುಕೋಕೆ ಮೊದಲು ಐದು ನಿಮಿಷ ಇತ್ತು. 2019ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಾಗ ಮೂರಕ್ಕೆ ಇಳಿಸಿದರು. ಅದೂ ಕಾಯೋರ ಸಲುವಾಗಿಯೇ.

*

ನಮ್ಮೂರಿನ ಗಾಲ್ಫ್ ಮೈದಾನಗಳಲ್ಲಿ ಕ್ಯಾಡಿಗಳಿದಾರೆ. ಚೀಲ ಹೊರೋರು ಅವರೇ, ಕಿತ್ತುಬಂದ ಹುಲ್ಲಿನ ಹೆಂಟೆ ಮುಚ್ಚೋರು ಅವರೇ, ಮರಳು ಗುಂಡಿಯಲ್ಲಿ ಹೆಜ್ಜೆ ಗುರುತು ಅಳಿಸೋರೂ ಅವರೇ. ಇಲ್ಲಿನ ಬಡಾವಣೆ ಮೈದಾನಗಳಲ್ಲಿ ಕ್ಯಾಡಿ ಜಾಗಕ್ಕೆ ಗಾಡಿ ಬಂದಿದೆ. ಕ್ಯಾಡಿ ಹೋದ, ಆದ್ರೆ ಅವನು ಮಾಡ್ತಿದ್ದ ಕೆಲಸ ಎಲ್ಲೂ ಹೋಗಿಲ್ಲ. ಅದಕ್ಕೇ ಗಾಡಿಗೆ ಮರಳು ತುಂಬಿದ ಬಾಟಲಿ ಸಿಗಿಸಿರ್ತಾರೆ. ನೀವು ಕಿತ್ತ ಜಾಗಕ್ಕೆ ನೀವೇ ಮರಳು ಸುರೀರಿ ಅಂತ. ನಾನು ಮೂರು ತಿಂಗಳು ಅದನ್ನು ಆ್ಯಶ್‌ಟ್ರೇ ಅಂದ್ಕೊಂಡಿದ್ದೆ, ನಗಬೇಡಿ. ಗೇಟಿನಿಂದ ಗೇಟಿಗೆ ಯಾರೋ ನಮ್ಮ ಹಿಂದೆ ಗುಡಿಸಿಕೊಂಡು ಬರ್ತಾರೆ ಅನ್ನೋ ಅಭ್ಯಾಸ ನಮ್ಮಲ್ಲಿ ಬಹಳ ಆಳಕ್ಕಿದೆ. ಊರಲ್ಲಿ ರೈಲಲ್ಲಿ ಕಡಲೆಕಾಯಿ ಸಿಪ್ಪೆ ಬಿಸಾಕೋದೂ, ಇಲ್ಲಿ ಹೆಂಟೆ ಹಾಗೇ ಬಿಟ್ಟು ಬರೋದೂ ಒಂದೇ ರೋಗ. ಬೇಜಾರಾದ್ರೆ ಕ್ಷಮಿಸಿ, ನನಗೂ ಸೇರಿಸಿಯೇ ಹೇಳ್ತಿದೀನಿ.

ಹಾಗಂತ ಎಲ್ಲ ನಿಯಮಕ್ಕೂ ನಾನು ಕೈ ಮುಗಿಯಲ್ಲ. ಕಾಲರ್ ಇಲ್ಲದ ಅಂಗಿ ಹಾಕ್ಕೊಂಡು ಬಂದರೆ ಒಳಗೆ ಬಿಡಲ್ಲ ಅಂತಾರಲ್ಲ, ಆ ಅಂಗಿಯಿಂದ ಯಾವ ಹುಲ್ಲಿಗೂ ನೋವಾಗಲ್ಲ, ಯಾರೂ ಗಾಡಿಯಿಂದ ಬೀಳಲ್ಲ. ಅದು ಬರೀ ಡೌಲು. ನಿಯಮಕ್ಕೆ ನನ್ನ ಪರೀಕ್ಷೆ ಸರಳ. ಇದನ್ನು ಮುರಿದರೆ ಯಾರಿಗೆ ಪೆಟ್ಟು? ಉತ್ತರ ಸಿಕ್ಕರೆ ಪಾಲಿಸಬೇಕು. ಸಿಗದಿದ್ದರೆ ಜಗಳ ಆಡಬಹುದು.

ನಿಯಮದ ಬಗ್ಗೆ ಜಗಳ ಆಡಿ ಗೆದ್ದವರೂ ಇದಾರೆ. ಕೇಸಿ ಮಾರ್ಟಿನ್ ಅಂತ ಒಬ್ಬ ಆಟಗಾರ, ಕಾಲೇಜಲ್ಲಿ ಟೈಗರ್ ವುಡ್ಸ್ ಜೊತೆ ಒಂದೇ ತಂಡದಲ್ಲಿ ಆಡಿದವನು. ಹುಟ್ಟಿನಿಂದಲೇ ಅವನ ಬಲಗಾಲಿನ ರಕ್ತನಾಳಗಳಿಗೆ ರೋಗ, ನಡೆದರೆ ಜೀವ ಹೋಗೋವಷ್ಟು ನೋವು. ಪಿಜಿಎ ಟೂರ್ ಪಂದ್ಯಗಳಲ್ಲಿ ಎಲ್ಲರೂ ನಡೆದೇ ಆಡಬೇಕು. ನನಗೆ ಗಾಡಿ ಕೊಡಿ ಅಂತ ಕೇಳಿದ, ಕೊಡಲಿಲ್ಲ, ಕೋರ್ಟಿಗೆ ಹೋದ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7-2ರಲ್ಲಿ ಅವನ ಪರ ತೀರ್ಪು ಕೊಟ್ಟಿತು. ಗಾಲ್ಫಿನ ತಿರುಳು ಚೆಂಡು ಹೊಡೆಯೋದು, ನಡೆಯೋದಲ್ಲ ಅಂತ. 2021ರಲ್ಲಿ ಆ ಕಾಲನ್ನೇ ತೆಗೀಬೇಕಾಯ್ತು.

ಇದನ್ನು ಯಾಕೆ ಹೇಳಿದೆ ಅಂದ್ರೆ, ಹೋದ ಚಳಿಗಾಲ ನಾವೆಲ್ಲ ದಾರಿಯಲ್ಲೇ ಗಾಡಿ ನಿಲ್ಲಿಸಿ ನಡೀತಿದ್ದಾಗ ಒಬ್ಬ ಅಜ್ಜ ಹುಲ್ಲಿನ ಮೇಲೆ ಗ್ರೀನ್ ಹತ್ತಿರದವರೆಗೂ ಗಾಡಿ ತಂದ. "ನೋಡು, ಬಿಳಿಯರಿಗೆ ಒಂದು ನ್ಯಾಯ, ನಮಗೊಂದು" ಅಂತ ಗೊಣಗಿದ್ದೆ. ಗಾಡಿ ಚಾವಣಿ ಮೇಲೆ ಒಂದು ನೀಲಿ ಬಾವುಟ ಇತ್ತು, ನಾನು ಗಮನಿಸಿರಲಿಲ್ಲ. ನಡೆಯೋಕೆ ಆಗದವರಿಗೆ ಕೊಡೋ ಬಾವುಟ ಅದು. ಅವತ್ತು ಗೊಣಗಿದ್ದು ನೆನಪಾಗಿ, ಮಂಡಿನೋವಿರೋ ಅಪ್ಪ ಕುಂಟುತ್ತಾ ಚಪ್ಪಲಿ ತರೋಕೆ ಹೋಗಿದ್ದೂ ನೆನಪಾಗಿ, ನಾಚಿಕೆ ಆಯ್ತು. ಆದ್ರೆ ಮಂಡಿ ಗಟ್ಟಿಯಿದ್ದೂ ಬಾವುಟ ಕೇಳಿ ಪಡೆಯೋರನ್ನೂ ನೋಡಿದೀನಿ. ಅವರಿಗೆ ಏನು ಹೇಳೋಣ?

ನನ್ನ ಮಾತು ಇಷ್ಟೇ. ಮಕ್ಕಳಿಗೆ ಸ್ಟೇರಿಂಗ್ ಕೊಡಬೇಡಿ, ತೊಡೆ ಮೇಲೆ ಕೂರಿಸಿಕೊಂಡೂ ಬೇಡ. ಇಬ್ಬರ ಗಾಡಿಗೆ ನಾಲ್ವರು ಜೋತುಬಿದ್ದು ಫೋಟೋ ತೆಗೆಸ್ಕೋಬೇಡಿ. ಇಳಿಯೋ ಮುಂಚೆ ಬ್ರೇಕ್ ಪೆಡಲ್ಲಿನ ಮೇಲ್ಭಾಗ ಒತ್ತಿ 'ಟಕ್' ಅನ್ನಿಸಿ. ಮೈದಾನದವರಿಗೂ ಒಂದು ಮಾತು: ನಿಯಮಗಳನ್ನು ಸ್ಟೇರಿಂಗ್ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಂಟಿಸಿದರೆ ಆಗಲಿಲ್ಲ. ಕೀಲಿ ಕೊಡುವಾಗ ಎರಡು ನಿಮಿಷ ಬಾಯಲ್ಲಿ ಹೇಳಿ, ಕಾರಣದ ಸಮೇತ. ಕಾರಣ ಗೊತ್ತಾದ್ರೆ ನಮ್ಮಂಥವರೂ ಪಾಲಿಸ್ತೀವಿ.

ಮೊನ್ನೆ ಶನಿವಾರ ಮತ್ತೆ ಗೆಳೆಯನ ಮನೆಗೆ ಹೋಗಿದ್ವಿ. ಅಪ್ಪ ಗಾಡಿ ಹತ್ತಲ್ಲ ಅಂದ್ಕೊಂಡಿದ್ದೆ, ಹತ್ತಿದರು. ಈ ಸಲ ಹುಡುಗನ್ನ ನಮ್ಮಿಬ್ಬರ ನಡುವೆ ಕೂರಿಸಿ, "ನೀನು ಕಂಡಕ್ಟರ್. ಎಲ್ಲರೂ ಸರಿಯಾಗಿ ಕೂತು ಹಿಡ್ಕೊಂಡ ಮೇಲೆ ರೈಟ್ ಅನ್ನು. ನೀನು ಅನ್ನೋವರೆಗೂ ಇವನು ಬಿಡೋ ಹಾಗಿಲ್ಲ" ಅಂದರು. (ಹೌದು, ಇಬ್ಬರ ಸೀಟಲ್ಲಿ ಮೂರು ಜನ. ಅದೂ ತಪ್ಪೇ. ಗೆಳೆಯನಿಗೆ ಹೇಳಿ ನಾಲ್ಕು ಸೀಟಿನ ಗಾಡಿ ತರಿಸಬೇಕು!) ಜಾರ್ಜಿಯಾದ ಆ ಹುಡುಗ ಈಗ ಯಾವ ಗಾಡಿ ಹತ್ತಿದರೂ ಹಾಸನದ ಡಿಪೋ ಧಾಟಿಯಲ್ಲಿ "ರೈಟ್, ರೈಟ್" ಅಂತಾನಂತೆ.

ನಿಮ್ಮಲ್ಲಿ ಯಾರಾದ್ರೂ ಗಾಲ್ಫ್ ಮೈದಾನಗಳ ಹತ್ತಿರ ಇದೀರಾ? ಅಲ್ಲಿ ಹೇಗೆ? ಕಾಮೆಂಟಲ್ಲಿ ಬರೀರಿ. ಬೈಯೋದಿದ್ರೂ ಬೈಯಿರಿ, ಅಪ್ಪನಿಗಿಂತ ಚೆನ್ನಾಗಿ ಬೈಯೋಕೆ ನಿಮ್ಮಿಂದ ಆಗಲ್ಲ :-)